ಬೆಟ್ಟದ ಮೇಲಿನ ಶಿಲುಬೆ

1808ನೆಯ ಇಸವಿಯ ಕ್ರಿಸ್ಮಸ್ ಹಬ್ಬದ ದಿನಗಳು. ಸ್ಯಾಕ್ಸನಿ ರಾಜ್ಯದ ರಾಜಧಾನಿಯಾದ ಡ್ರೆಸ್ಡನ್ ನಗರದಲ್ಲಿ ಒಬ್ಬ ಚಿತ್ರಕಾರನ ಮನೆಗೆ ಜನರು ಗುಂಪುಗುಂಪಾಗಿ ಬರತೊಡಗಿದರು. ಅವನ ಕೊಠಡಿಯ ಕಿಟಕಿಯನ್ನು ಅರೆಮುಚ್ಚಿ ಬೆಳಕನ್ನು ತಗ್ಗಿಸಲಾಗಿತ್ತು. ಕಪ್ಪು ಬಟ್ಟೆ ಹೊದಿಸಿದ ಮೇಜಿನ ಮೇಲೆ, ಚಿನ್ನದ ಬಣ್ಣದ ಕೆತ್ತನೆಯ ಚೌಕಟ್ಟಿನ ನಡುವೆ, ನಾಲ್ಕು ಅಡಿಗೆ ತುಸು ಕಡಮೆ ಎತ್ತರವುಳ್ಳ ಒಂದು ತೈಲಚಿತ್ರವಿತ್ತು. ಒಳಗೆ ಬಂದವರು ಗಟ್ಟಿಯಾಗಿ ಮಾತನಾಡಲಿಲ್ಲ. ದೇವಾಲಯವನ್ನು ಹೊಕ್ಕವರಂತೆ ಸದ್ದಡಗಿ ನಿಂತರು ಎಂದು ಆ ಕಾಲದ ಪತ್ರವೊಂದರಿಂದ ತಿಳಿದುಬರುತ್ತದೆ.

ಚಿತ್ರದಲ್ಲಿ ಇದ್ದುದಾದರೂ ಏನು? ಫರ್ ಮರಗಳು ಬೆಳೆದ ಒಂದು ಬೆಟ್ಟದ ನೆತ್ತಿ. ಅದರ ತುದಿಯಲ್ಲಿ ಒಂದು ಶಿಲುಬೆ. ಹಿಂದೆ ಕೆಂಪು, ನೇರಿಳೆ ಬಣ್ಣಗಳ ಆಕಾಶ. ಬೆಟ್ಟದ ಮರೆಯಿಂದ ಮೇಲಕ್ಕೆ ಹರಡಿರುವ ಸೂರ್ಯಕಿರಣಗಳು. ಶಿಲುಬೆಯ ಮೇಲಿನ ಕ್ರಿಸ್ತನ ಆಕೃತಿ ಚಿಕ್ಕದು. ಅದು ನೋಡುವವರ ಕಡೆಗೆ ತಿರುಗಿಲ್ಲ. ಆಚೆಗೆ, ಕಾಣದ ಸೂರ್ಯನ ಕಡೆಗೆ ಮುಖಮಾಡಿದೆ. ಸಂತರಿಲ್ಲ, ಭಕ್ತರಿಲ್ಲ, ಬೈಬಲ್ಲಿನ ಯಾವ ಪ್ರಸಂಗವೂ ಇಲ್ಲ. ಇಷ್ಟಾಗಿಯೂ ಇದು ಕ್ರೈಸ್ತರ ಪೂಜಾವೇದಿಕೆಯ ಮೇಲೆ ಇಡತಕ್ಕ ಚಿತ್ರವೆಂದು ಚಿತ್ರಕಾರನು ಸಾರಿದ್ದನು. ಯೂರೋಪಿನಲ್ಲಿ ನೂರಾರು ವರ್ಷಗಳಿಂದ ಅಂತಹ ಸ್ಥಳ ಕ್ರಿಸ್ತನ ಜನನ, ಮರಣ, ಸಂತರ ಚರಿತ್ರೆ ಮುಂತಾದ ವಸ್ತುಗಳಿಗೆ ಮೀಸಲಾಗಿತ್ತು. ಬೆಟ್ಟ, ಮರ, ಮೋಡಗಳ ಚಿತ್ರವೆಂದರೆ ಶ್ರೀಮಂತರ ಹಜಾರದ ಗೋಡೆಗೆ ಒಪ್ಪುವ ಅಲಂಕಾರವೆಂದೇ ಎಣಿಕೆ. ಆ ಎಣಿಕೆಯನ್ನು ಅಲುಗಾಡಿಸಿದ ಚಿತ್ರಕಾರನ ಹೆಸರು ಕಾಸ್ಪರ್ ಡೇವಿಡ್ ಫ್ರೀಡ್ರಿಕ್.

ಫ್ರೀಡ್ರಿಕ್ ಹುಟ್ಟಿದ್ದು 1774ನೆಯ ಇಸವಿ ಸೆಪ್ಟೆಂಬರ್ 5ರಂದು, ಬಾಲ್ಟಿಕ್ ಸಮುದ್ರದ ದಂಡೆಗೆ ಸಮೀಪದ ಗ್ರೈಫ್ಸ್‌ವಾಲ್ಟ್ ಎಂಬ ಸಣ್ಣ ಬಂದರುಪಟ್ಟಣದಲ್ಲಿ. ಅಲ್ಲಿನ ಜನರ ಭಾಷೆ ಜರ್ಮನ್. ಆದರೆ ಆಗ ಆ ಪ್ರಾಂತವು ಸ್ವೀಡನ್ ದೊರೆಯ ಆಳಿಕೆಗೆ ಒಳಪಟ್ಟಿತ್ತು. ತಂದೆ ಸಾಬೂನು ಕಾಯಿಸುವ, ಮೇಣದ ಬತ್ತಿ ಮಾಡುವ ಕಸುಬಿನವನು. ಧರ್ಮನಿಷ್ಠೆಯಲ್ಲಿ ಬಹು ಕಟ್ಟುನಿಟ್ಟಾದವನು. ಹತ್ತು ಮಕ್ಕಳಲ್ಲಿ ಫ್ರೀಡ್ರಿಕ್ ಆರನೆಯವನು. ಅವನಿಗೆ ಏಳು ವರ್ಷ ತುಂಬುವ ಮೊದಲೇ, 1781ರಲ್ಲಿ, ತಾಯಿ ತೀರಿಕೊಂಡಳು. ಮರುವರ್ಷ ಒಬ್ಬ ಸಹೋದರಿ ಹೋದಳು. 1791ರಲ್ಲಿ ಇನ್ನೊಬ್ಬಳು ವಿಷಮಜ್ವರಕ್ಕೆ ತುತ್ತಾದಳು. ಇವುಗಳ ನಡುವೆ, 1787ರ ಡಿಸೆಂಬರಿನಲ್ಲಿ, ಅವನಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ ಯೋಹಾನ್ ಕ್ರಿಸ್ಟೋಫರ್ ನೀರಿನಲ್ಲಿ ಮುಳುಗಿ ಸತ್ತನು. ಅಣ್ಣನು ಒಡೆದ ಮಂಜುಗಡ್ಡೆಯ ಕೆಳಗೆ ಬಿದ್ದಾಗ ಅವನನ್ನು ಉಳಿಸಲು ಹೋಗಿ ತಮ್ಮನು ಪ್ರಾಣ ಬಿಟ್ಟನೆಂದು ಜೀವನಚರಿತ್ರಕಾರರು ಬಹುಮಟ್ಟಿಗೆ ಹೇಳುತ್ತಾರೆ. ಫ್ರೀಡ್ರಿಕ್‌ನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಹಿಮ, ಮಂಜುಗಡ್ಡೆ, ಸ್ಮಶಾನಗಳಿಗೆಲ್ಲ ಈ ಒಂದು ಘಟನೆಯೇ ಕಾರಣವೆಂದು ಹೇಳಿಬಿಡುವುದು ಸುಲಭ. ಅಷ್ಟು ಸುಲಭವಾದ ವಿವರಣೆಯನ್ನು ಪೂರ್ತಿಯಾಗಿ ನಂಬುವುದು ಜಾಣತನವಲ್ಲ. ಆದರೆ ಹದಿಮೂರು ವರ್ಷದ ಹುಡುಗನು ತನ್ನ ಜೀವಕ್ಕೆ ಬದಲಾಗಿ ಇನ್ನೊಂದು ಜೀವ ಹೋಯಿತೆಂಬ ಭಾರವನ್ನು ಹೊತ್ತಿದ್ದರೆ ಆ ಭಾರ ಬೇಗ ಇಳಿಯತಕ್ಕದ್ದಲ್ಲ ಎಂಬುದೂ ನಿಜ.

ಊರಿನ ವಿಶ್ವವಿದ್ಯಾನಿಲಯದಲ್ಲಿ ರೇಖಾಚಿತ್ರ ಕಲಿಸುತ್ತಿದ್ದ ಕ್ವಿಸ್ಟಾರ್ಪ್ ಎಂಬಾತನು ಫ್ರೀಡ್ರಿಕ್‌ನ ಮೊದಲ ಗುರು. ಅವನು ಶಿಷ್ಯರನ್ನು ಬಯಲಿಗೆ ಕರೆದೊಯ್ದು ಕಣ್ಣಾರೆ ಕಂಡುದನ್ನು ಬರೆಯಿಸುತ್ತಿದ್ದನು. ಅವನ ಮೂಲಕ ಪರಿಚಯವಾದ ಮತ್ತೊಬ್ಬನೆಂದರೆ ಕೋಸೆಗಾರ್ಟನ್. ಈತನು ಕವಿ ಮತ್ತು ಪಾದ್ರಿ. ಸಮೀಪದ ರೂಗೆನ್ ದ್ವೀಪದಲ್ಲಿ ಹೆರಿಂಗ್ ಮೀನು ಹಿಡಿಯುವ ಕಾಲದಲ್ಲಿ ಬೆಸ್ತರು ದಡವನ್ನು ಬಿಟ್ಟು ಚರ್ಚಿಗೆ ಬರುವಂತಿರಲಿಲ್ಲ. ಆದುದರಿಂದ ಈ ಪಾದ್ರಿಯೇ ಕಡಲ ದಂಡೆಗೆ ಹೋಗಿ, ತೆರೆಗಳ ಸದ್ದಿನ ನಡುವೆ ನಿಂತು ಉಪದೇಶ ಮಾಡುತ್ತಿದ್ದನು. ದೇವರ ಮಾತನ್ನು ಕೇಳಲು ಮಾಡು ಗೋಡೆಗಳು ಬೇಕೆಂಬ ನಿಯಮವಿಲ್ಲವೆಂಬುದನ್ನು ಫ್ರೀಡ್ರಿಕ್ ಮೊದಲು ಕಂಡುಕೊಂಡದ್ದು ಇಲ್ಲಿಯೇ ಇರಬೇಕು. ಮುಂದೆ 1794ರಿಂದ 1798ರವರೆಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, ಅಲ್ಲಿಂದ ಡ್ರೆಸ್ಡನ್ನಿಗೆ ಬಂದು ನೆಲೆಸಿದನು. ಚಿತ್ರಕಾರರಾದವರೆಲ್ಲ ಇಟಲಿಗೆ ಹೋಗಿ ಬರಲೇಬೇಕೆಂಬುದು ಆ ಕಾಲದ ಸಂಪ್ರದಾಯ. ಫ್ರೀಡ್ರಿಕ್ ಇಟಲಿಯನ್ನು ನೋಡಲೇ ಇಲ್ಲ.

ಡ್ರೆಸ್ಡನ್ನಿನಲ್ಲಿ ಮೊದಲ ಕೆಲವು ವರ್ಷ ಅವನು ತೈಲವರ್ಣವನ್ನು ಮುಟ್ಟಲಿಲ್ಲವೆಂದೇ ಹೇಳಬೇಕು. ಸೇಪಿಯ ಎಂಬ ಕಂದು ಬಣ್ಣವೊಂದರಿಂದಲೇ ಬೆಳಗು, ಮಂಜು, ಬೆಳುದಿಂಗಳುಗಳನ್ನು ಚಿತ್ರಿಸುತ್ತಿದ್ದನು. 1805ರಲ್ಲಿ ವೈಮಾರ್ ನಗರದ ಕಲಾಭಿಮಾನಿಗಳು ಏರ್ಪಡಿಸಿದ ಸ್ಪರ್ಧೆಗೆ ಇಂತಹ ಎರಡು ಚಿತ್ರಗಳನ್ನು ಕಳುಹಿಸಿದನು. ಸ್ಪರ್ಧೆಗೆ ಗೊತ್ತುಮಾಡಿದ್ದ ವಸ್ತು ಗ್ರೀಕ್ ಪುರಾಣದ ವೀರ ಹರ್ಕ್ಯುಲೀಸನ ಸಾಹಸಗಳು; ಫ್ರೀಡ್ರಿಕ್ ಕಳುಹಿಸಿದ್ದು ನಿಸರ್ಗದೃಶ್ಯಗಳು! ಹೀಗಿದ್ದರೂ ಬಹುಮಾನದ ಅರ್ಧ ಭಾಗ ಅವನಿಗೆ ಬಂದಿತು. ಸ್ಪರ್ಧೆಯ ಹಿಂದೆ ಇದ್ದ ಮುಖ್ಯ ವ್ಯಕ್ತಿ ಮಹಾಕವಿ ಗಯಟೆ. ಕಾಳಿದಾಸನ ಶಾಕುಂತಲವನ್ನು ಭಾಷಾಂತರದಲ್ಲಿ ಓದಿ ಕೊಂಡಾಡಿದ ಗಯಟೆಯೇ ಈತನು.

ಇಷ್ಟು ಹೆಸರು ಬಂದ ಮೇಲೆ, ತೈಲವರ್ಣಕ್ಕೆ ಕೈಹಾಕಿದ ಹೊಸತರಲ್ಲಿ, ಫ್ರೀಡ್ರಿಕ್ ಬೆಟ್ಟದ ಮೇಲಿನ ಶಿಲುಬೆಯನ್ನು ಬರೆದನು. ಅದನ್ನು ನೋಡಿ ಕೆಲವರು ಮೌನವಾದರೆ ಒಬ್ಬನಿಗೆ ಮಾತ್ರ ತಡೆಯಲಾರದಷ್ಟು ಕೋಪ ಬಂದಿತು. ಅವನೇ ಬಾಸಿಲಿಯುಸ್ ಫಾನ್ ರಾಮ್ಡೋರ್. ಈತನು ನ್ಯಾಯಶಾಸ್ತ್ರ ಬಲ್ಲವನು, ರಾಜಸೇವೆಯಲ್ಲಿದ್ದವನು. ರೋಮಿನ ಕಲಾಸಂಗ್ರಹಗಳನ್ನು ನೋಡಿದವನು. ಸೌಂದರ್ಯಶಾಸ್ತ್ರವನ್ನು ಕುರಿತು ಗ್ರಂಥಗಳನ್ನು ಬರೆದವನು. 1809ರ ಜನವರಿಯಲ್ಲಿ ಒಂದು ಪತ್ರಿಕೆಯಲ್ಲಿ ಅವನು ದೀರ್ಘವಾದ ವಿಮರ್ಶೆಯನ್ನು ಪ್ರಕಟಿಸಿದನು. ನಿಸರ್ಗಚಿತ್ರಕ್ಕೆ ಹತ್ತಿರದ ನೆಲ, ನಡುವಣ ಬಯಲು, ದೂರದ ದಿಗಂತ ಎಂಬ ಕ್ರಮವಿರಬೇಕು. ಇಲ್ಲಿ ಒಂದೇ ಬೆಟ್ಟ ಚಿತ್ರವನ್ನೆಲ್ಲ ತುಂಬಿಕೊಂಡಿದೆ. ಆ ಬೆಟ್ಟವನ್ನು ಚಿತ್ರಕಾರನು ಎಲ್ಲಿ ನಿಂತು ನೋಡಿದನೆಂಬುದೇ ತಿಳಿಯುವುದಿಲ್ಲ. ಬೆಳಕು ಬೀಳಬೇಕಾದ ರೀತಿಯಲ್ಲಿ ಬಿದ್ದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲಂಕಾರದ ಚಿತ್ರವೊಂದು ದೇವರ ಮನೆಯೊಳಕ್ಕೆ ನುಸುಳಿ ಪೂಜಾವೇದಿಕೆಯನ್ನು ಏರಲು ಹವಣಿಸುವುದು ಉದ್ಧಟತನ. ಅವನ ಆಕ್ಷೇಪಗಳ ಸಾರ ಇದು.

ರಾಮ್ಡೋರನನ್ನು ಮೂರ್ಖನೆಂದು ತಳ್ಳಿಹಾಕುವುದು ವಾಡಿಕೆಯಾಗಿದೆ. ಅದು ನ್ಯಾಯವಲ್ಲ. ಮೆಚ್ಚಿದವರು ಚಿತ್ರದ ಮುಂದೆ ನಿಟ್ಟುಸಿರು ಬಿಟ್ಟು ಹೋದರು. ಮೆಚ್ಚದ ಈತನು ಮಾತ್ರ ಅದನ್ನು ಅಂಗುಲ ಅಂಗುಲವಾಗಿ ನೋಡಿದನು. ಚಿತ್ರದಲ್ಲಿ ಹೊಸದಾದುದು ಏನೇನಿತ್ತೋ ಅದೆಲ್ಲವೂ ಅವನ ಕಣ್ಣಿಗೆ ಬಿದ್ದಿತು. ಆದರೆ ಹೊಸದೆಂಬುದೆಲ್ಲವನ್ನೂ ಅವನು ತಪ್ಪಿನ ಪಟ್ಟಿಗೆ ಸೇರಿಸಿದನು. ನೋಡುವವನ ಕಾಲಿಗೆ ನೆಲವೇ ಸಿಗದಂತೆ ಬೆಟ್ಟವನ್ನು ಎದುರಿಗೆ ತಂದು ನಿಲ್ಲಿಸಿದ್ದು ಫ್ರೀಡ್ರಿಕ್‌ನ ಅಜ್ಞಾನವಾಗಿರಲಿಲ್ಲ. ಅದೇ ಅವನಿಗೆ ಬೇಕಾಗಿದ್ದ ಪರಿಣಾಮ.

ಕ್ಯೂಗೆಲ್ಗನ್, ಹಾರ್ಟ್‌ಮನ್ ಎಂಬ ಚಿತ್ರಕಾರ ಗೆಳೆಯರು ಫ್ರೀಡ್ರಿಕ್‌ನ ಪರವಾಗಿ ಲೇಖನಗಳನ್ನು ಬರೆದರು. ಕಲಾವಿದನು ಹಳೆಯ ನಿಯಮಗಳ ಗುಲಾಮನೇ ಅಥವಾ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳಬಲ್ಲವನೇ ಎಂಬ ಪ್ರಶ್ನೆ ಊರಿನ ವಿದ್ಯಾವಂತರಲ್ಲೆಲ್ಲ ಚರ್ಚೆಗೆ ಬಂದಿತು. ತನ್ನ ಚಿತ್ರಗಳಿಗೆ ಅರ್ಥ ಹೇಳುವ ಅಭ್ಯಾಸವಿಲ್ಲದ ಫ್ರೀಡ್ರಿಕ್ ಕೂಡ ಒಂದು ವಿವರಣೆ ಕೊಡಬೇಕಾಯಿತು. ಮುಳುಗುವ ಸೂರ್ಯನೊಡನೆ ಹಳೆಯದೊಂದು ಲೋಕ ಮರೆಯಾಗುತ್ತದೆ. ಶಿಲುಬೆ ನಿಂತ ಬಂಡೆ ವಿಶ್ವಾಸದ ಸಂಕೇತ. ಎಲ್ಲ ಋತುಗಳಲ್ಲಿಯೂ ಹಸುರಾಗಿರುವ ಫರ್ ಮರಗಳು ಭರವಸೆಯ ಸಂಕೇತ ಎಂಬುದು ಅದರ ತಾತ್ಪರ್ಯ. ವಿವರಣೆಯೇನೋ ಚೆನ್ನಾಗಿದೆ, ಆದರೂ ಚಿತ್ರವು ಅದಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಇಷ್ಟೆಲ್ಲ ವಾದಕ್ಕೆ ಕಾರಣವಾದ ಆ ಚಿತ್ರ ಕೊನೆಗೂ ಪೂಜಾವೇದಿಕೆಯನ್ನು ಏರಲಿಲ್ಲವೆಂಬುದು ಒಂದು ವಿಚಿತ್ರ. ಬೊಹೀಮಿಯದ ಟೆಟ್ಷೆನ್ ಕೋಟೆಯ ಶ್ರೀಮಂತ ದಂಪತಿಗಳು ಅದನ್ನು ಕೊಂಡರು. ಅವರು ಅದನ್ನು ತೂಗುಹಾಕಿದ್ದು ಪ್ರಾರ್ಥನಾ ಮಂದಿರದಲ್ಲಲ್ಲ, ಮಲಗುವ ಕೋಣೆಯಲ್ಲಿ. ಈಗ ಅದು ಡ್ರೆಸ್ಡನ್ನಿನ ಸಾರ್ವಜನಿಕ ಚಿತ್ರಶಾಲೆಯಲ್ಲಿದೆ.

ಟೀಕೆಗೆ ಹೆದರಿ ಹಿಂದೆಗೆಯುವ ಸ್ವಭಾವ ಫ್ರೀಡ್ರಿಕ್‌ನದಾಗಿರಲಿಲ್ಲ. ಅವನ ಮುಂದಿನ ದೊಡ್ಡ ಚಿತ್ರ ಇನ್ನೂ ಬರಿದಾಗಿತ್ತು. ಸುಮಾರು ಐದೂವರೆ ಅಡಿ ಅಗಲದ ಆ ಚಿತ್ರದಲ್ಲಿ ಕೆಳಗೆ ಬಿಳಿಯ ಮರಳಿನ ಒಂದು ಪಟ್ಟಿ, ಅದರ ಮೇಲೆ ಕಪ್ಪು ಕಡಲಿನ ಒಂದು ಪಟ್ಟಿ, ಉಳಿದುದೆಲ್ಲ ಆಕಾಶ. ಮರಳಿನ ಮೇಲೆ ಬೆರಳಿನಷ್ಟು ದೊಡ್ಡದಾಗಿ ಒಬ್ಬ ಸನ್ಯಾಸಿ ನಿಂತಿದ್ದಾನೆ. ಮೊದಲು ಫ್ರೀಡ್ರಿಕ್ ಆ ಕಡಲಿನಲ್ಲಿ ಹಡಗುಗಳನ್ನೂ ಬರೆದಿದ್ದನು. ಮತ್ತೆ ಯೋಚಿಸಿ ಅವುಗಳ ಮೇಲೆ ಬಣ್ಣ ಬಳಿದು ಅಳಿಸಿಬಿಟ್ಟನು. ಕಣ್ಣಿಗೆ ಕಾಣದ ಕಿರಣಗಳ ನೆರವಿನಿಂದ ಚಿತ್ರವನ್ನು ಪರೀಕ್ಷಿಸಿದ ತಜ್ಞರಿಗೆ ಆ ಹಡಗುಗಳ ಗೆರೆಗಳು ಬಣ್ಣದ ಅಡಿಯಲ್ಲಿ ಕಂಡಿವೆ. 1810ರಲ್ಲಿ ಬರ್ಲಿನ್ನಿನ ಕಲಾಶಾಲೆಯ ಪ್ರದರ್ಶನದಲ್ಲಿ ಈ ಚಿತ್ರವನ್ನೂ, ಇದರ ಜೊತೆಗಾರನಾದ, ಹಿಮದಲ್ಲಿ ಹಾಳುಬಿದ್ದ ಮಠದ ಚಿತ್ರವನ್ನೂ ಇಡಲಾಯಿತು. ನಾಟಕಕಾರ ಕ್ಲೈಸ್ಟನು ತನ್ನ ಪತ್ರಿಕೆಯಲ್ಲಿ ಸನ್ಯಾಸಿಯ ಚಿತ್ರವನ್ನು ಕುರಿತು ಲೇಖನವನ್ನೇ ಅಚ್ಚುಹಾಕಿಸಿದನು. ಹದಿನೈದು ವರ್ಷ ತುಂಬುತ್ತಿದ್ದ ರಾಜಕುಮಾರನು ಒತ್ತಾಯಪಡಿಸಿದ ಕಾರಣ ಪ್ರಷ್ಯದ ದೊರೆ ಎರಡನ್ನೂ ಕೊಂಡುಕೊಂಡನು. ಪಂಡಿತರು ಹಿಂದು ಮುಂದು ನೋಡುತ್ತಿದ್ದಾಗ ಒಬ್ಬ ಹುಡುಗನಿಗೆ ಚಿತ್ರ ಹಿಡಿಸಿತೆಂಬುದು ಗಮನಿಸತಕ್ಕ ಸಂಗತಿ.

ಫ್ರೀಡ್ರಿಕ್ ಕೆಲಸ ಮಾಡುತ್ತಿದ್ದ ಕೊಠಡಿ ಹೇಗಿತ್ತೆಂಬುದನ್ನು ಅವನ ಗೆಳೆಯ ಕೆರ್ಸ್ಟಿಂಗ್ ಚಿತ್ರಿಸಿಟ್ಟಿದ್ದಾನೆ. ಬೇರೆ ಚಿತ್ರಕಾರರ ಕೊಠಡಿಗಳಲ್ಲಿ ಪ್ರತಿಮೆಗಳು, ಪರದೆಗಳು, ಹಳೆಯ ಆಯುಧಗಳು ತುಂಬಿರುತ್ತಿದ್ದವು. ಇಲ್ಲಿ ಬರಿಯ ಗೋಡೆಗಳು. ಚಿತ್ರವನ್ನಿಡುವ ಚೌಕಟ್ಟು, ಒಂದು ಕುರ್ಚಿ, ಒಂದು ಮೇಜು. ಕಿಟಕಿಯ ಕೆಳಭಾಗವನ್ನು ಹಲಗೆಯಿಂದ ಮುಚ್ಚಿ, ಮೇಲಿನಿಂದ ಮಾತ್ರ ಬೆಳಕು ಬರುವಂತೆ ಮಾಡಲಾಗಿತ್ತು. ಹೊರಗಿನ ಬೀದಿ ಕಂಡರೆ ಒಳಗಿನ ಚಿತ್ರ ಕೆಡುತ್ತದೆಂಬುದು ಅವನ ಮತ. ಹಾಗೆಂದು ಅವನು ಹೊರಗೆ ಕಾಲಿಡದೆ ಕಲ್ಪನೆಯಲ್ಲೇ ತೇಲುತ್ತಿದ್ದನೆಂದು ತಿಳಿಯಬಾರದು. ಬೆಟ್ಟಗಳಲ್ಲಿ ದಿನಗಟ್ಟಲೆ ನಡೆಯುತ್ತಿದ್ದನು. ಒಂದೊಂದು ಓಕ್ ಮರದ ಕೊಂಬೆಗಳನ್ನೂ, ಒಂದೊಂದು ಬಂಡೆಯ ಬಿರುಕುಗಳನ್ನೂ ಪೆನ್ಸಿಲಿನಿಂದ ಬರೆದುಕೊಂಡು, ತಾರೀಖು ಹಾಕಿ ಇಟ್ಟುಕೊಳ್ಳುತ್ತಿದ್ದನು. ಎಷ್ಟೋ ವರ್ಷಗಳ ಮೇಲೆ ಆ ಮರ ಯಾವುದೋ ಒಂದು ಚಿತ್ರದ ಹಿಮದಲ್ಲಿ ಬಂದು ನಿಲ್ಲುತ್ತಿತ್ತು. ಮರ ನಿಜ, ಬಂಡೆ ನಿಜ. ಅವೆರಡೂ ಒಂದೆಡೆ ಇರುವ ಸ್ಥಳ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

1816ರಲ್ಲಿ ಗಯಟೆಯಿಂದ ಅವನಿಗೆ ಒಂದು ಕೋರಿಕೆ ಬಂದಿತು. ಇಂಗ್ಲೆಂಡಿನ ಲ್ಯೂಕ್ ಹವರ್ಡ್ ಎಂಬಾತನು ಮೋಡಗಳನ್ನು ವರ್ಗಗಳಾಗಿ ವಿಂಗಡಿಸಿ ಹೆಸರಿಟ್ಟಿದ್ದನು. ಆ ವರ್ಗಗಳನ್ನು ಅನುಸರಿಸಿ ಮೋಡಗಳ ಚಿತ್ರಗಳನ್ನು ಬರೆದುಕೊಡಬೇಕೆಂಬುದು ಕವಿಯ ಅಪೇಕ್ಷೆ. ಸ್ವಚ್ಛಂದವಾಗಿ ತೇಲುವ ಮೋಡಗಳನ್ನು ಗೂಡುಗಳಲ್ಲಿ ಕೂಡಿಹಾಕಿದರೆ ನಿಸರ್ಗಚಿತ್ರದ ಬುಡವೇ ಅಲುಗುತ್ತದೆಂದು ಫ್ರೀಡ್ರಿಕ್ ಒಪ್ಪಲಿಲ್ಲ. ಜರ್ಮನಿಯಲ್ಲಿ ಗಯಟೆಯ ಮಾತನ್ನು ತಳ್ಳಿಹಾಕುವುದು ಆ ದಿನಗಳಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಹವರ್ಡನ ಶಾಸ್ತ್ರದಿಂದ ಬೇರೆ ಚಿತ್ರಕಾರರಿಗೆ ಉಪಯೋಗವೇ ಆಯಿತು. ಈ ವಿಷಯದಲ್ಲಿ ಫ್ರೀಡ್ರಿಕ್‌ನ ಭಯ ಅತಿಯಾಯಿತೆನ್ನಬೇಕು.

ಅದೇ ವರ್ಷ ಡ್ರೆಸ್ಡನ್ ಕಲಾಶಾಲೆಯ ಸದಸ್ಯತ್ವವೂ, ವರ್ಷಕ್ಕೆ 150 ಥಾಲರ್ ನಾಣ್ಯಗಳ ವೇತನವೂ ದೊರೆತವು. 1818ರ ಜನವರಿಯಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಕರೋಲಿನ್ ಬೊಮ್ಮರ್ ಎಂಬ ತರುಣಿಯನ್ನು ವಿವಾಹವಾದನು. ಮೂವರು ಮಕ್ಕಳಾದರು. ಅವನ ಚಿತ್ರಗಳಿಗೆ ಹೆಂಗಸರು ಬಂದದ್ದು ಹೆಚ್ಚಾಗಿ ಇದರ ನಂತರ. ಆದರೆ ಗಂಡಸರಾಗಲಿ ಹೆಂಗಸರಾಗಲಿ ಅವನ ಚಿತ್ರದ ಜನರು ನೋಡುವವರಿಗೆ ಬೆನ್ನು ತಿರುಗಿಸಿಯೇ ನಿಲ್ಲುತ್ತಾರೆ. ಮಂಜಿನ ಕಡಲಿನ ಮೇಲೆ ಬಂಡೆಯೊಂದರ ತುದಿಯಲ್ಲಿ ಕೋಲು ಹಿಡಿದು ನಿಂತ ಪಯಣಿಗನ ಚಿತ್ರ ಇಂದು ಲೋಕಪ್ರಸಿದ್ಧವಾಗಿದೆ. ಅವನ ಮುಖವನ್ನು ಯಾರೂ ಕಂಡಿಲ್ಲ. ಮುಖ ಕಂಡಿದ್ದರೆ ನೋಟವೆಲ್ಲ ಅವನಲ್ಲಿಯೇ ನಿಂತುಬಿಡುತ್ತಿತ್ತು. ಬೆನ್ನು ಕಂಡುದರಿಂದ ನೋಡುವವನು ಅವನ ಹಿಂದೆ ನಿಂತು ಅವನು ನೋಡುತ್ತಿರುವುದನ್ನೇ ನೋಡುತ್ತಾನೆ.

1820-21ರ ಚಳಿಗಾಲದಲ್ಲಿ ಡ್ರೆಸ್ಡನ್ನಿನ ಎಲ್ಬೆ ನದಿ ಹೆಪ್ಪುಗಟ್ಟಿತು. ಹಲಗೆಗಳಂತೆ ಒಂದರ ಮೇಲೊಂದು ಏರಿ ನಿಂತ ಮಂಜುಗಡ್ಡೆಗಳನ್ನು ಫ್ರೀಡ್ರಿಕ್ ದಡದಲ್ಲಿ ನಿಂತು ಚಿತ್ರಿಸಿಕೊಂಡನು. ಉತ್ತರ ಧ್ರುವದ ಕಡೆಗೆ ಹೋಗಿದ್ದ ಇಂಗ್ಲಿಷ್ ನಾವಿಕ ಪ್ಯಾರಿಯ ಪಯಣದ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ಇವೆರಡೂ ಕೂಡಿ, 1823-24ರಲ್ಲಿ 'ಮಂಜುಗಡ್ಡೆಯ ಸಮುದ್ರ' ಎಂಬ ಚಿತ್ರವಾಯಿತು. ಗೋಪುರದಂತೆ ಮೇಲೆದ್ದ ಗಡ್ಡೆಗಳ ರಾಶಿ. ಒಂದು ಪಕ್ಕದಲ್ಲಿ, ಹುಡುಕಿ ನೋಡಿದರೆ ಮಾತ್ರ ಕಾಣುವಂತೆ, ನುಚ್ಚುನೂರಾದ ಹಡಗಿನ ಹಿಂಭಾಗ. ಒಂದು ಪ್ರಾಣಿಯೂ ಇಲ್ಲ. ನೋಡಿದವರು ಬೆಚ್ಚಿದರು. ಆದರೆ ಫ್ರೀಡ್ರಿಕ್ ಬದುಕಿರುವತನಕ ಆ ಚಿತ್ರ ಮಾರಾಟವಾಗಲಿಲ್ಲ.

ಗಾಳಿ ತಿರುಗಿತ್ತು. ಜನರಿಗೆ ಈಗ ಕಥೆ ಹೇಳುವ ಚಿತ್ರಗಳೂ, ಕಣ್ಣಿಗೆ ಹಿತವಾದ ಇಟಲಿಯ ಬಿಸಿಲೂ ಬೇಕಾಗಿದ್ದವು. 1824ರಲ್ಲಿ ಕಲಾಶಾಲೆಯಲ್ಲಿ ನಿಸರ್ಗಚಿತ್ರದ ಅಧ್ಯಾಪಕನ ಸ್ಥಾನ ತೆರವಾದಾಗ ಅದು ತನಗೆ ಬರುವುದೆಂದು ಫ್ರೀಡ್ರಿಕ್ ನಂಬಿದ್ದನು. ಪ್ರಾಧ್ಯಾಪಕನೆಂಬ ಬಿರುದನ್ನು ಕೊಟ್ಟರು. ಪಾಠ ಹೇಳುವ ಅಧಿಕಾರವನ್ನು ಕೊಡಲಿಲ್ಲ. ಮೊದಲೇ ಮಿತಭಾಷಿಯಾಗಿದ್ದವನು ಇನ್ನಷ್ಟು ಒಂಟಿಯಾದನು.

ಈ ಕಾಲದಲ್ಲಿಯೇ, ಸುಮಾರು 1830ರಲ್ಲಿ, ಒಮ್ಮೆ ವಿಮರ್ಶಕನಿಂದ ಪೆಟ್ಟು ತಿಂದವನು ತಾನೇ ವಿಮರ್ಶಕನಾದನು. ತನ್ನ ಕಾಲದ ಚಿತ್ರಗಳ ಒಂದು ಸಂಗ್ರಹವನ್ನು ಕುರಿತು ಅವನು ಟಿಪ್ಪಣಿಗಳನ್ನು ಬರೆದಿಟ್ಟನು. ಚಿತ್ರಕಾರರ ಹೆಸರುಗಳನ್ನು ಎತ್ತಿಲ್ಲ. ಆದರೆ ಮಾತು ಹರಿತವಾಗಿದೆ. ಹಳೆಯ ಇಟಲಿಯ ಗುರುಗಳನ್ನು ಅನುಕರಿಸಿ ಅವರಂತೆಯೇ ಭಕ್ತಿಯನ್ನು ನಟಿಸುವವರನ್ನೂ, ಒಂದೇ ಚಿತ್ರದಲ್ಲಿ ಹತ್ತು ಚಿತ್ರಗಳ ಸಾಮಾನು ತುರುಕುವವರನ್ನೂ ಅವನು ಸುಮ್ಮನೆ ಬಿಡುವುದಿಲ್ಲ. ಒಳಗಣ್ಣಿಗೆ ಏನೂ ಕಾಣದವನು ಹೊರಗಣ್ಣಿಗೆ ಕಂಡುದನ್ನು ಬರೆಯುವ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿಲ್ಲ ಎಂಬುದು ಅವನ ನಿಲುವಿನ ತಿರುಳು. ಈ ಟಿಪ್ಪಣಿಗಳನ್ನು ಓದಿದರೆ ಅವನು ರಾಮ್ಡೋರನಿಗಿಂತ ಹೆಚ್ಚು ಉದಾರಿಯಾಗಿದ್ದನೆಂದು ಹೇಳಲಾಗುವುದಿಲ್ಲ. ಒಂದು ವ್ಯತ್ಯಾಸವುಂಟು. ರಾಮ್ಡೋರನು ಹಿಂದಿನವರ ನಿಯಮಗಳನ್ನು ಅಳತೆಗೋಲಾಗಿ ಹಿಡಿದನು. ಫ್ರೀಡ್ರಿಕ್ ಕೇಳಿದ್ದು, ಬರೆದವನು ಇದನ್ನು ತಾನೇ ಕಂಡು ಬರೆದನೇ ಎಂಬ ಪ್ರಶ್ನೆಯನ್ನು.

1835ರ ಜೂನ್ 26ರಂದು ಅವನಿಗೆ ಪಾರ್ಶ್ವವಾಯು ಬಡಿಯಿತು. ಅದರ ಸ್ವಲ್ಪ ಹಿಂದೆ ಬರೆದ ಒಂದು ಚಿತ್ರದಲ್ಲಿ ಗ್ರೈಫ್ಸ್‌ವಾಲ್ಟಿನ ಸಮೀಪದ ಕಡಲತೀರವೂ, ಸಂಜೆಯ ಬೆಳಕಿನಲ್ಲಿ ಐದು ಹಡಗುಗಳೂ, ದಡದಲ್ಲಿ ಐದು ಮಂದಿಯೂ ಇದ್ದಾರೆ. ನಡುವಿನಲ್ಲಿ ಅವನ ಮಗನು ಸ್ವೀಡನ್ನಿನ ಪುಟ್ಟ ಬಾವುಟವೊಂದನ್ನು ಎತ್ತಿ ಹಿಡಿದಿದ್ದಾನೆ. ಆ ಪ್ರಾಂತ ಸ್ವೀಡನ್ನಿನ ಕೈಬಿಟ್ಟು 1815ರಲ್ಲಿಯೇ ಪ್ರಷ್ಯಕ್ಕೆ ಸೇರಿತ್ತು. ಬೆನ್ನು ತೋರಿಸಿ ಹಡಗುಗಳತ್ತ ನಡೆಯುತ್ತಿರುವ ಕೋಲು ಹಿಡಿದ ಮುದುಕನು ಚಿತ್ರಕಾರನೇ ಎಂದು ಭಾವಿಸುತ್ತಾರೆ. ರೋಗ ಬಂದ ಮೇಲೆ ತೈಲವರ್ಣದಲ್ಲಿ ಬರೆಯುವ ಶಕ್ತಿ ಬಹುಮಟ್ಟಿಗೆ ಉಡುಗಿತು. ಅವನು ಮತ್ತೆ ತನ್ನ ತಾರುಣ್ಯದ ಸೇಪಿಯ ಬಣ್ಣಕ್ಕೆ ಮರಳಿದನು. ರಷ್ಯದ ಕವಿ ಜುಕೋವ್ಸ್ಕಿಯ ಸ್ನೇಹದಿಂದ ಅಲ್ಲಿನ ಅರಮನೆಗೆ ಕೆಲವು ಚಿತ್ರಗಳು ಮಾರಾಟವಾದುದು ಬಡತನದ ಆ ದಿನಗಳಲ್ಲಿ ಅವನಿಗೆ ದೊಡ್ಡ ಆಸರೆಯಾಯಿತು. 1840ರ ಮೇ 7ರಂದು ಫ್ರೀಡ್ರಿಕ್ ಡ್ರೆಸ್ಡನ್ನಿನಲ್ಲಿ ಗತಿಸಿದನು. ಗೆಳೆಯನೂ ವೈದ್ಯನೂ ಚಿತ್ರಕಾರನೂ ಆಗಿದ್ದ ಕಾರುಸನು ಮರುವರ್ಷ ಅವನನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಮುಂದೆ ಸುಮಾರು ಐವತ್ತು ವರ್ಷ ಅವನ ಹೆಸರು ಹೆಚ್ಚಾಗಿ ಕೇಳಿಬರಲಿಲ್ಲ.

ಅವನನ್ನು ಮತ್ತೆ ಬೆಳಕಿಗೆ ತಂದವನು ಜರ್ಮನಿಯವನಲ್ಲ. ನಾರ್ವೆ ದೇಶದ ಕಲಾ ಇತಿಹಾಸಕಾರ ಆಂಡ್ರಿಯಾಸ್ ಔಬರ್ಟ್. 1906ರಲ್ಲಿ ಬರ್ಲಿನ್ನಿನಲ್ಲಿ ನಡೆದ ಶತಮಾನದ ಕಲಾಪ್ರದರ್ಶನದಲ್ಲಿ ಫ್ರೀಡ್ರಿಕ್‌ನ ಹಲವಾರು ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಜನರು ಬೆರಗಾದರು. ಆದರೆ ದೊರೆತದ್ದೆಲ್ಲ ಉಳಿಯಲಿಲ್ಲ. 1931ರ ಜೂನ್ 6ರಂದು ಮ್ಯೂನಿಕ್ ನಗರದ ಗಾಜಿನ ಅರಮನೆಗೆ ಬೆಂಕಿ ಬಿದ್ದು ಅವನ ಒಂಬತ್ತು ಚಿತ್ರಗಳು ಸುಟ್ಟುಹೋದವು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಿಮದ ಸ್ಮಶಾನದ ದೊಡ್ಡ ಚಿತ್ರವೊಂದು ಬರ್ಲಿನ್ನಿನಲ್ಲಿ ನಾಶವಾಯಿತು. ನಾಟ್ಸಿಗಳು ಅವನನ್ನು ತಮ್ಮ ಜನಾಂಗದ ಹೆಮ್ಮೆಯ ಗುರುತಾಗಿ ಮೆರೆಸಿದ್ದರಿಂದ ಯುದ್ಧಾನಂತರ ಕೆಲವು ಕಾಲ ಜನ ಅವನ ಹೆಸರೆತ್ತಲು ಅಳುಕಿದರು. ತಾನು ಬರೆಯದ ಅರ್ಥವನ್ನು ಇತರರು ಅಂಟಿಸಿದ ತಪ್ಪಿಗೆ ಚಿತ್ರಕಾರನು ದಂಡ ತೆರಬೇಕಾಯಿತು. 1974ರಲ್ಲಿ ಹ್ಯಾಂಬರ್ಗ್, ಡ್ರೆಸ್ಡನ್ ನಗರಗಳಲ್ಲಿ ನಡೆದ ಪ್ರದರ್ಶನಗಳಿಂದ ಆ ಮಬ್ಬು ಹರಿಯಿತು. ಅವನು ಹುಟ್ಟಿ 250 ವರ್ಷ ತುಂಬಿದ 2024ರಲ್ಲಿ ಜರ್ಮನಿಯ ದೊಡ್ಡ ನಗರಗಳಲ್ಲಿ ಅವನ ಚಿತ್ರಗಳನ್ನು ನೋಡಲು ಜನ ಸಾಲುಗಟ್ಟಿ ನಿಂತರು.

ಸನ್ಯಾಸಿಯ ಚಿತ್ರ ಬಹುಕಾಲ ಕಂದುಗಟ್ಟಿ ಮಸುಕಾಗಿತ್ತು. 2013ರಿಂದ 2016ರವರೆಗೆ ಬರ್ಲಿನ್ನಿನ ತಜ್ಞರು ಹಳದಿಯಾಗಿದ್ದ ಮೆರುಗೆಣ್ಣೆಯನ್ನೂ, ಹಿಂದಿನವರು ಅಲ್ಲಲ್ಲಿ ಬಳಿದಿದ್ದ ಬಣ್ಣವನ್ನೂ ನಿಧಾನವಾಗಿ ತೆಗೆದರು. ಕೆಳಗೆ ಫ್ರೀಡ್ರಿಕ್ ಬರೆದಿದ್ದ ಆಕಾಶ ಯಾರೂ ಎಣಿಸದಷ್ಟು ನೀಲಿಯಾಗಿತ್ತು.